ರುದಾಮ್ ಕಣಿವೆಯಿಂದ ಒಡೆಯರಪಾಳ್ಯಕ್ಕೆ

ಕೊಳ್ಳೇಗಾಲವನ್ನು ಬಿಟ್ಟು ಪೂರ್ವಾಭಿಮುಖವಾಗಿ ಹೊರಟ ಯಾತ್ರಿಕನನ್ನು ಎಲ್ಲಿಗೆ ಪಯಣವೆಂದು ಯಾರೂ ಕೇಳುವುದಿಲ್ಲ. ಶಿವರಾತ್ರಿ, ಯುಗಾದಿ, ದೀಪಾವಳಿಗಳ ಮುಂಚಿನ ದಿವಸಗಳಲ್ಲಿ ಹನೂರು, ಕೌದಳ್ಳಿಗಳನ್ನು ಹಾದು ತಾಳಬೆಟ್ಟದ ಬುಡಕ್ಕೆ ಹರಿಯುವ ಜನಪ್ರವಾಹವು ಏಳುಮಲೆಯ ಒಡೆಯನಾದ ಮಹದೇಶ್ವರನ ಗುಡಿಯನ್ನೇ ಸೇರತಕ್ಕದ್ದು. ಆದರೆ ಇದೇ ಸೀಮೆಯಲ್ಲಿ ಲೊಕ್ಕನಹಳ್ಳಿಯ ಕಡೆಗೆ ತಿರುಗಿ, ಬಿಳಿಗಿರಿರಂಗನ ಬೆಟ್ಟಸಾಲಿನ ಪೂರ್ವದ ಮಗ್ಗುಲನ್ನು ಸಮೀಪಿಸುವ ಮತ್ತೊಂದು ದಾರಿಯುಂಟು. ಆ ದಾರಿಯಲ್ಲಿ ಮುಸುಕಿನ ಜೋಳದ ಹೊಲಗಳ ನಡುವೆ ಇದ್ದಕ್ಕಿದ್ದಂತೆ ಬಣ್ಣಬಣ್ಣದ ಮಂತ್ರಪತಾಕೆಗಳು ಗಾಳಿಗೆ ಹಾರಾಡುವುದು ಕಾಣಿಸುತ್ತದೆ. ಊರು ಒಡೆಯರಪಾಳ್ಯ. ಟಿಬೆಟ್ಟಿನವರು ತಮ್ಮ ವಸತಿಗೆ ಇಟ್ಟುಕೊಂಡಿರುವ ಹೆಸರು ಧೋಂಡೆನ್‌ಲಿಂಗ್. ಅಲ್ಲಿರುವ ಮಠದ ಹೆಸರು ಜೋಗ್ಚೆನ್. ಇದೇ ಹೆಸರಿನ ಮೂಲಮಠವು ಹಿಮಾಲಯಕ್ಕೂ ಆಚೆ, ಪೂರ್ವ ಟಿಬೆಟ್ಟಿನ ಖಾಮ್ ಪ್ರಾಂತದ ರುದಾಮ್ ಎಂಬ ಕಣಿವೆಯಲ್ಲಿದೆ.

ಒಂದು ಮಠವು ಅಷ್ಟು ದೂರದಿಂದ ಇಷ್ಟು ದೂರಕ್ಕೆ ಬಂದಿತೆಂದರೆ ನಿಜವಾಗಿ ಬಂದದ್ದು ಏನು ಎಂಬುದನ್ನೂ, ಅದರಿಂದ ಕನ್ನಡದ ವಿದ್ವತ್ತಿಗೆ ಏನು ಸಂಬಂಧವೆಂಬುದನ್ನೂ ವಿವರಿಸುವುದೇ ಈ ಲೇಖನದ ಉದ್ದೇಶ. ಸಂಬಂಧವಿರುವುದು, ಮೊದಲ ನೋಟಕ್ಕೆ ಹೊಳೆಯುವ ಸ್ಥಳದಲ್ಲಲ್ಲ.

ವಸತಿಯ ಚರಿತ್ರೆಯನ್ನು ಸಂಕ್ಷೇಪವಾಗಿ ಹೇಳಬಹುದು. ೧೯೫೯ನೆಯ ಮಾರ್ಚಿ ೧೭ರ ರಾತ್ರಿ ಹದಿನಾಲ್ಕನೆಯ ದಲಾಯಿ ಲಾಮಾ ಅವರು ಲ್ಹಾಸಾ ನಗರವನ್ನು ಬಿಟ್ಟು ಹೊರಟು, ಅದೇ ತಿಂಗಳ ಕೊನೆಗೆ ತವಾಂಗ್ ಕಡೆಯ ಗಡಿಯನ್ನು ದಾಟಿ ಭಾರತವನ್ನು ಪ್ರವೇಶಿಸಿದರು. ಅವರ ಹಿಂದೆ ಬಂದ ಸಾವಿರಾರು ಮಂದಿ ಮೊದಲಿಗೆ ಹಿಮಾಲಯದ ಪ್ರಾಂತಗಳಲ್ಲಿ ರಸ್ತೆ ಕಡಿಯುವ ಕೂಲಿಗಳಾಗಿ ದುಡಿದರು. ಚಳಿಯ ಬೆಟ್ಟಗಳಿಂದ ಬಂದವರನ್ನು ಬಿಸಿಲಿನ ದಕ್ಷಿಣಕ್ಕೆ ಕರೆತಂದು ಬೇಸಾಯಕ್ಕೆ ಹಚ್ಚುವ ಪ್ರಯತ್ನವನ್ನು ಮೊದಲು ಕೈಗೊಂಡದ್ದು ಅಂದಿನ ಮೈಸೂರು ರಾಜ್ಯ. ಬೈಲುಕುಪ್ಪೆ, ಮುಂಡಗೋಡು, ಹುಣಸೂರಿನ ಗುರುಪುರ—ಹೀಗೆ ಒಂದರ ಹಿಂದೊಂದಾಗಿ ವಸತಿಗಳು ಏರ್ಪಟ್ಟು, ೧೯೭೩-೭೪ರಲ್ಲಿ ಕೊಳ್ಳೇಗಾಲ ತಾಲ್ಲೂಕಿನ ಒಡೆಯರಪಾಳ್ಯದ ಬಳಿ ಸುಮಾರು ಮೂರು ಸಾವಿರ ಎಕರೆ ನೆಲದಲ್ಲಿ ಧೋಂಡೆನ್‌ಲಿಂಗ್ ಸ್ಥಾಪನೆಯಾಯಿತು. ಕೊಳ್ಳೇಗಾಲವು ೧೯೫೬ರವರೆಗೆ ಮದರಾಸು ಆಧಿಪತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದಿತು; ೧೯೯೭ರಿಂದ ಈಚೆಗೆ ಚಾಮರಾಜನಗರ ಜಿಲ್ಲೆಗೆ ಸೇರಿದೆ; ಒಡೆಯರಪಾಳ್ಯದ ಕಡೆಯ ಭಾಗವು ಈಗ ಹನೂರು ತಾಲ್ಲೂಕಿನದು. ಗಡಿಗಳು ಹೀಗೆ ಬದಲಾಗುತ್ತಿದ್ದ ಸೀಮೆಗೆ ಗಡಿಯನ್ನು ಕಳೆದುಕೊಂಡ ಜನರು ಬಂದು ಸೇರಿದರು. ಕಾಡಂಚಿನ ನೆಲವಾದ್ದರಿಂದ ಆನೆಗಳ ಕಾಟವು ಸುತ್ತಲಿನ ರೈತರಿಗೆ ಹೇಗೋ ಅವರಿಗೂ ಹಾಗೆಯೇ. ಜೋಳದ ಬೆಳೆ ಕೈಗೆ ಬಂದಮೇಲೆ ಚಳಿಗಾಲದಲ್ಲಿ ಉಣ್ಣೆಯ ಅಂಗಿಗಳನ್ನು ಮಾರುವುದಕ್ಕಾಗಿ ದೂರದ ಪಟ್ಟಣಗಳಿಗೆ ಹೋಗುವುದು ಅವರಲ್ಲಿ ರೂಢಿ.

ಇನ್ನು ಮೂಲದ ಕಣಿವೆಯ ವಿಚಾರ. ಖಾಮ್ ಪ್ರಾಂತವು ಲ್ಹಾಸಾದಿಂದ ಪೂರ್ವಕ್ಕೆ ಬಹುದೂರದಲ್ಲಿ, ದೊಡ್ಡ ನದಿಗಳು ಕೊರೆದ ಆಳವಾದ ಕೊರಕಲುಗಳೂ ಅವುಗಳ ನಡುವೆ ಗೋಡೆಗಳಂತೆ ನಿಂತ ಪರ್ವತಶ್ರೇಣಿಗಳೂ ಕೂಡಿದ ದೇಶ. ಇದರಲ್ಲಿ ದೆರ್ಗೆ ಎಂಬುದು ಹಿಂದೆ ತನ್ನದೇ ರಾಜರನ್ನುಳ್ಳ ಸಂಸ್ಥಾನವಾಗಿತ್ತು. ಈಗ ಚೀನಾದ ಸಿಚುವಾನ್ ಪ್ರಾಂತಕ್ಕೆ ಸೇರಿದೆ. ದೆರ್ಗೆಯ ಇಕ್ಕಟ್ಟಾದ ಕಣಿವೆಯಿಂದ ಪೂರ್ವಕ್ಕೆ ಹೊರಟವನು ಹದಿನಾರು ಸಾವಿರ ಅಡಿಗೂ ಮೇಲ್ಪಟ್ಟ ತ್ರೋ-ಲಾ ಎಂಬ ಕಣಿವೆಮಾರ್ಗವನ್ನು ಹತ್ತಿ ಇಳಿಯಬೇಕು. ಕುದುರೆಯ ಮೇಲೆ ಹೋಗುತ್ತಿದ್ದ ಕಾಲದಲ್ಲಿ ಇದು ಹಿಮ, ಗಾಳಿ, ಉಸಿರಿನ ಕೊರತೆ ಇವುಗಳಿಗೆ ಹೆಸರಾದ ದಾರಿ. ಈಗ ಬೆಟ್ಟದ ಹೊಟ್ಟೆಯಲ್ಲಿ ಸುರಂಗ ಕೊರೆದು ರಸ್ತೆ ಮಾಡಿದ್ದಾರೆ. ಇಳಿದ ಮೇಲೆ ಯಿಲ್ಹುನ್ ಲ್ಹಾತ್ಸೋ ಎಂಬ ಸರೋವರವೂ, ಬಳಿಕ ಮಣಿಗಂಗೋ ಎಂಬ ಕೂಡುದಾರಿಯ ಊರೂ ಸಿಕ್ಕುತ್ತವೆ. ಅಲ್ಲಿಂದ ಉತ್ತರಕ್ಕೆ ತಿರುಗಿದರೆ ಹುಲ್ಲುಗಾವಲುಗಳು. ಚಮರೀಮೃಗದ ಕೂದಲಿನಿಂದ ನೆಯ್ದ ಕರಿಯ ಗುಡಾರಗಳು, ಮಂತ್ರ ಕೆತ್ತಿದ ಕಲ್ಲುಗಳ ರಾಶಿಗಳು, ಆಚೆ ಹಿಮದ ಶಿಖರಗಳು—ಇವುಗಳ ನಡುವೆ ಸುಮಾರು ೧೩,೦೦೦ ಅಡಿ ಎತ್ತರದಲ್ಲಿ ರುದಾಮ್ ಕಣಿವೆ ತೆರೆದುಕೊಳ್ಳುತ್ತದೆ. ಮೂರು ಸಾವಿರ ಅಡಿಗಳ ಮಹದೇಶ್ವರ ಬೆಟ್ಟವನ್ನು ತಾಳಬೆಟ್ಟದಿಂದ ಬರಿಗಾಲಿನಲ್ಲಿ ಹತ್ತಿದವನಿಗೆ ಈ ಸಂಖ್ಯೆಗಳು ಎಷ್ಟು ದೊಡ್ಡವೆಂಬುದು ಕಾಲುಗಳಿಗೇ ತಿಳಿದೀತು.

ಮಠವನ್ನು ಇಲ್ಲಿ ಸ್ಥಾಪಿಸಿದವನು ಪದ್ಮ ರಿಗ್ಜಿನ್ (೧೬೨೫–೧೬೯೭). ಐದನೆಯ ದಲಾಯಿ ಲಾಮಾ (೧೬೧೭–೧೬೮೨) ಈತನನ್ನು ಖಾಮ್ ಪ್ರಾಂತಕ್ಕೆ ಹೋಗಿ ಧರ್ಮಪ್ರಚಾರ ಮಾಡುವಂತೆ ಕಳುಹಿಸಿದನೆಂದೂ, ದೆರ್ಗೆಯ ಅರಸನಾದ ಸಂಗ್ಯೇ ತೆನ್ಪಾ ಆಶ್ರಯವಿತ್ತನೆಂದೂ ಮಠದ ಪರಂಪರೆ ಹೇಳುತ್ತದೆ. ಸ್ಥಾಪನೆಯ ಕಾಲ ೧೬೮೪-೮೫. ಟಿಬೆಟ್ಟಿನ ನಾಲ್ಕು ಮುಖ್ಯ ಸಂಪ್ರದಾಯಗಳಲ್ಲಿ ಅತ್ಯಂತ ಪ್ರಾಚೀನವಾದ ನ್ಯಿಂಗ್ಮಾ ಸಂಪ್ರದಾಯಕ್ಕೆ ಆರು ಮೂಲಮಠಗಳುಂಟು, ಅವುಗಳಲ್ಲಿ ಇದೊಂದು. ಆರರಲ್ಲಿ ಮತ್ತೊಂದಾದ ಪಲ್ಯುಲ್ ಮಠವು ಬೈಲುಕುಪ್ಪೆಯಲ್ಲಿ ೧೯೬೩ರಲ್ಲಿ ಪುನಃಸ್ಥಾಪಿತವಾಯಿತು; ಪ್ರವಾಸಿಗಳು ನೋಡಿಬರುವ ಚಿನ್ನದ ದೇವಾಲಯವು ಅದರದೇ. ಹೀಗೆ ಖಾಮ್ ಪ್ರಾಂತದ ಎರಡು ಮೂಲಮಠಗಳು ಕನ್ನಡನಾಡಿನಲ್ಲಿ ನೆಲೆಗೊಂಡಿವೆ. ಜೋಗ್ಚೆನ್ ಎಂಬ ಮಾತಿಗೆ 'ಮಹಾಪರಿಪೂರ್ಣತೆ' ಎಂದು ಅರ್ಥ. ಇದಕ್ಕೆ ಸಂಸ್ಕೃತದಲ್ಲಿ ಮಹಾಸಂಧಿ ಎಂದೂ ಅತಿಯೋಗವೆಂದೂ ಪರ್ಯಾಯಪದಗಳನ್ನು ಹೇಳುವರು. ಚಿತ್ತವು ಸ್ವಭಾವದಿಂದಲೇ ಪರಿಶುದ್ಧವಾದುದು, ಸಾಧಕನು ಮಾಡಬೇಕಾದುದು ಅದನ್ನು ಗುರುಮುಖದಿಂದ ಗುರುತಿಸಿಕೊಳ್ಳುವುದು ಎಂಬುದೇ ಇದರ ತಿರುಳು. ಶಾಸ್ತ್ರದ ವಿಸ್ತಾರ ಇಲ್ಲಿ ಬೇಕಿಲ್ಲ.

೧೮೪೨ರ ಭೂಕಂಪದಲ್ಲಿ ಮಠವು ನೆಲಸಮವಾಯಿತು. ನಾಲ್ಕನೆಯ ಜೋಗ್ಚೆನ್ ಗುರುವಾದ ಮಿಂಗ್ಯುರ್ ನಮ್‌ಖೈ ದೋರ್ಜೆಯ (೧೭೯೩–೧೮೭೦) ಕಾಲದಲ್ಲಿ ಅದನ್ನು ಮತ್ತೆ ಕಟ್ಟಿದರು. ಕಟ್ಟಡದ ಜತೆಗೆ, ಶೆನ್‌ಪೆನ್ ಥಾಯೇ ಎಂಬ ವಿದ್ವಾಂಸನ ಪ್ರಯತ್ನದಿಂದ, ಶ್ರೀಸಿಂಹ ವಿದ್ಯಾಶಾಲೆಯೆಂಬ ಪಾಠಶಾಲೆಯೂ ಹುಟ್ಟಿತು. ಜೋಗ್ಚೆನ್ ಪ್ರಸಿದ್ಧವಾದದ್ದು ಹೆಚ್ಚಾಗಿ ಈ ಪಾಠಶಾಲೆಯಿಂದ. ಅಲ್ಲಿ ಪಾಠ ಹೇಳಿದವರಲ್ಲಿ ಪತ್ರುಲ್ (೧೮೦೮–೧೮೮೭) ಎಂಬಾತನು ಮುಖ್ಯ. ಹರಕು ಕುರಿದೊಗಲಿನ ನಿಲುವಂಗಿಯಲ್ಲಿ ಭಿಕ್ಷುಕನಂತೆ ತಿರುಗುತ್ತ, ಶಾಂತಿದೇವನ ಬೋಧಿಚರ್ಯಾವತಾರವನ್ನು ಮತ್ತೆಮತ್ತೆ ಪಾಠ ಹೇಳುವುದೇ ಈತನ ವ್ರತವಾಗಿತ್ತು. ಈತನು ಆ ಗ್ರಂಥವನ್ನು ಶ್ರೀಸಿಂಹ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಕಾಲದಲ್ಲಿ ಸುತ್ತಲಿನ ಹಳದಿ ಹೂಗಳು ಎಂದಿಗಿಂತ ಎಷ್ಟೋ ಹೆಚ್ಚು ಎಸಳುಗಳನ್ನು ತಳೆದು ಅರಳುತ್ತಿದ್ದುವೆಂದೂ, ಜನರು ಅವುಗಳಿಗೆ ಬೋಧಿಚರ್ಯಾವತಾರದ ಹೂಗಳೆಂದು ಹೆಸರಿಟ್ಟರೆಂದೂ ಆತನ ಚರಿತ್ರಕಾರರು ಬರೆದಿದ್ದಾರೆ. ಎಸಳನ್ನು ಎಣಿಸುವ ಗೊಡವೆ ಇತಿಹಾಸಕಾರನಿಗೆ ಬೇಡ. ಗಮನಿಸಬೇಕಾದುದು, ಹದಿಮೂರು ಸಾವಿರ ಅಡಿಗಳ ಮೇಲಿನ ದನಗಾಹಿಗಳ ನಡುವೆ ಎಂಟನೆಯ ಶತಮಾನದ ಒಂದು ಸಂಸ್ಕೃತ ಕಾವ್ಯಶಾಸ್ತ್ರಮಿಶ್ರಿತ ಗ್ರಂಥವು ಹೂವಿಗೆ ಹೆಸರಾಗುವಷ್ಟು ಮನೆಮಾತಾಗಿತ್ತೆಂಬುದು.

ಪತ್ರುಲನ ಅನಂತರದ ತಲೆಮಾರಿನಲ್ಲಿ ಶೆಂಗಾ (೧೮೭೧–೧೯೨೭) ಎಂಬ ಉಪಾಧ್ಯಾಯನು ಹದಿಮೂರು ಮಹಾಗ್ರಂಥಗಳನ್ನು ಆರಿಸಿ, ಅವುಗಳಿಗೆ ಭಾರತೀಯ ಟೀಕೆಗಳ ಮಾತುಗಳನ್ನೇ ಆಯ್ದು ಪದಪದದ ಟಿಪ್ಪಣಿ ಬರೆದನು. ಹದಿಮೂರೂ ಭಾರತದವೇ. ಪ್ರಾತಿಮೋಕ್ಷಸೂತ್ರ, ಗುಣಪ್ರಭನ ವಿನಯಸೂತ್ರ, ಅಸಂಗನ ಅಭಿಧರ್ಮಸಮುಚ್ಚಯ, ವಸುಬಂಧುವಿನ ಅಭಿಧರ್ಮಕೋಶ, ನಾಗಾರ್ಜುನನ ಮೂಲಮಧ್ಯಮಕಕಾರಿಕೆ, ಚಂದ್ರಕೀರ್ತಿಯ ಮಧ್ಯಮಕಾವತಾರ, ಆರ್ಯದೇವನ ಚತುಃಶತಕ, ಶಾಂತಿದೇವನ ಬೋಧಿಚರ್ಯಾವತಾರ. ಇವುಗಳೊಡನೆ ಮೈತ್ರೇಯನದೆಂದು ಹೇಳುವ ಐದು ಗ್ರಂಥಗಳು. ಇವುಗಳಲ್ಲಿ ಚತುಃಶತಕದ ಸಂಸ್ಕೃತಮೂಲವು ತುಣುಕುಗಳಾಗಿ ಮಾತ್ರ ಉಪಲಬ್ಧವಿದೆ. ಭೋಟಭಾಷೆಯ ಅನುವಾದವಾದರೋ ಸಮಗ್ರವಾಗಿದೆ. ನಾಲಂದಾ ವಿಕ್ರಮಶಿಲೆಗಳು ಹಾಳಾಗಿ ಏಳುನೂರು ವರ್ಷಗಳಾದ ಮೇಲೆ ಅಲ್ಲಿನ ಪಾಠಕ್ರಮವು ನಡೆಯುತ್ತಿದ್ದುದು ಇಂಥ ಕಣಿವೆಗಳಲ್ಲಿ.

೧೯೫೯ರಲ್ಲಿ ಈ ಮಠವು ನಾಶವಾಯಿತು. ಆರನೆಯ ಜೋಗ್ಚೆನ್ ಗುರುವು ಅದೇ ವರ್ಷ, ಇಪ್ಪತ್ತನಾಲ್ಕರ ಪ್ರಾಯದಲ್ಲಿ, ಹತನಾದನು. ಏಳನೆಯವರು ೧೯೬೪ರಲ್ಲಿ ಸಿಕ್ಕಿಮಿನಲ್ಲಿ ಜನಿಸಿದರು. ಅವರ ನೇತೃತ್ವದಲ್ಲಿ ಒಡೆಯರಪಾಳ್ಯದ ಮಠವು ಕಟ್ಟಲ್ಪಟ್ಟು, ೧೯೯೨ರ ಜನವರಿಯಲ್ಲಿ ದಲಾಯಿ ಲಾಮಾ ಅವರಿಂದ ಪ್ರಾರಂಭೋತ್ಸವವನ್ನು ಕಂಡಿತು. ಖಾಮಿನ ಮೂಲಮಠವನ್ನೂ ೧೯೮೦ರ ದಶಕದಿಂದೀಚೆಗೆ ಮತ್ತೆ ಕಟ್ಟಿದ್ದಾರೆ. ಆದಕಾರಣ ಈಗ ಜೋಗ್ಚೆನ್ ಎರಡು.

ಹೀಗಿರುವಲ್ಲಿ, ರುದಾಮಿನಿಂದ ಬಂದದ್ದು ಏನು? ಕಲ್ಲು ಮರಗಳಲ್ಲ, ವಿಗ್ರಹಗಳೂ ಬಹುಮಟ್ಟಿಗೆ ಅಲ್ಲ. ಕಣಿವೆಮಾರ್ಗಗಳನ್ನು ರಾತ್ರಿ ದಾಟಿದವರು ಹೊತ್ತು ತಂದ ಪುಸ್ತಕಗಳು ಕೆಲವೇ. ಗ್ರಂಥಗಳೇನೋ ಆಮೇಲೆ ದೊರೆತುವು: ಜೀನ್ ಸ್ಮಿತ್ ಎಂಬ ಅಮೆರಿಕದ ವಿದ್ವಾಂಸನು ೧೯೬೮ರಿಂದ ದೆಹಲಿಯಲ್ಲಿದ್ದು, ನಿರಾಶ್ರಿತರ ಬಳಿ ಉಳಿದಿದ್ದ ಗ್ರಂಥಗಳನ್ನು ತನ್ನ ದೇಶದ ಕಾಂಗ್ರೆಸ್ ಪುಸ್ತಕಾಲಯದ ಯೋಜನೆಯ ಮೂಲಕ ಸಾವಿರಾರು ಸಂಪುಟಗಳಾಗಿ ಮರುಮುದ್ರಣಗೊಳಿಸಲು ನೆರವಾದನು. ಆದರೆ ಟಿಬೆಟ್ಟಿನ ಸಂಪ್ರದಾಯದಲ್ಲಿ ಪುಸ್ತಕವು ಕೈಗೆ ಬಂದಮಾತ್ರಕ್ಕೆ ವಿದ್ಯೆ ಬಂದಂತಲ್ಲ. ಲುಙ್ ಎಂಬುದೊಂದು ಕ್ರಮವುಂಟು. ಗ್ರಂಥವನ್ನು ತನ್ನ ಗುರುವಿನಿಂದ ಆದ್ಯಂತವಾಗಿ ಕಿವಿಯಲ್ಲಿ ಕೇಳಿದವನು ತನ್ನ ಶಿಷ್ಯನಿಗೆ ಆದ್ಯಂತವಾಗಿ ಓದಿ ಕೇಳಿಸಬೇಕು. ಆಗ ಮಾತ್ರ ಶಿಷ್ಯನಿಗೆ ಆ ಗ್ರಂಥದ ಅಧಿಕಾರ. ಅರ್ಥವಿವರಣೆ ಇದರಿಂದ ಬೇರೆ. ಈ ಕೇಳಿಕೆಯ ಸರಪಳಿಯಲ್ಲಿ ಒಂದು ಕೊಂಡಿ ಕಳಚಿದರೆ, ಗ್ರಂಥವು ಅಚ್ಚಿನಲ್ಲಿದ್ದರೂ ಪರಂಪರೆ ಮುಗಿಯಿತು. ಒಡೆಯರಪಾಳ್ಯಕ್ಕೆ ಬಂದದ್ದು ಈ ಸರಪಳಿ.

ಕನ್ನಡ ಓದುಗನಿಗೆ ಇದು ಅಪರಿಚಿತವಾದ ಸಂಗತಿಯಲ್ಲ. ಮಹದೇಶ್ವರನ ಬೆಟ್ಟದ ಸುತ್ತಣ ದೇವರಗುಡ್ಡರು ಕಂಸಾಳೆಯ ತಾಳಕ್ಕೆ ಹಾಡುವ ಮಾದೇಶ್ವರನ ಕಾವ್ಯವೂ ಬಾಯಿಂದ ಕಿವಿಗೆ ಸಾಗಿ ಬಂದದ್ದೇ. ಸಾಲು ಸಾಲಾಗಿ ವಿಭಾಗಗೊಂಡಿರುವ ಆ ಮಹಾಕಾವ್ಯವನ್ನು ಪಿ. ಕೆ. ರಾಜಶೇಖರ ಮೊದಲಾದವರು ಗ್ರಂಥಸ್ಥಗೊಳಿಸಿದ ಮೇಲೂ, ಗುಡ್ಡನಾಗಬೇಕಾದವನು ದೀಕ್ಷೆ ಪಡೆದು ಹಿರಿಯನ ಹಿಂದೆ ಕುಳಿತೇ ಕಲಿಯಬೇಕು. ಲುಙ್‌ನಲ್ಲಿ ಒಂದಕ್ಷರವೂ ಬದಲಾಗಕೂಡದು, ಗುಡ್ಡನ ಹಾಡಿನಲ್ಲಿ ಪ್ರತಿಸಲವೂ ಬದಲಾಗುತ್ತದೆ ಎಂಬ ಭೇದವು ದೊಡ್ಡದೇ.

ಇದೇ ಬೆಟ್ಟಗಳಲ್ಲಿ ಮತ್ತೊಂದು ಹೋಲಿಕೆ ಎದುರಿಗೆ ಬಂದು ನಿಲ್ಲುತ್ತದೆ. ಮಹದೇಶ್ವರನು ಹುಲಿಯನ್ನೇರಿ ಸಂಚರಿಸುವ ದೇವರು. ನ್ಯಿಂಗ್ಮಾ ಸಂಪ್ರದಾಯದ ಆದಿಗುರುವಾದ ಪದ್ಮಸಂಭವನೂ ತನ್ನ ಎಂಟು ರೂಪಗಳಲ್ಲಿ ಒಂದಾದ ದೋರ್ಜೆ ದ್ರೋಲೋ ಎಂಬ ರೂಪದಲ್ಲಿ ಹೆಣ್ಣುಹುಲಿಯನ್ನೇರಿದವನು; ಭೂತಾನದ ಪಾರೋ ಕಣಿವೆಯ ಬಂಡೆಯ ಮೇಲಿರುವ 'ಹುಲಿಯ ಗುಹೆ' ಎಂಬ ಮಠವು ಆ ಕಥೆಯ ಸ್ಥಾನ. ಇಬ್ಬರೂ ಹೊರಗಿನಿಂದ ಬಂದವರು: ಒಬ್ಬನು ಶ್ರೀಶೈಲದ ಕಡೆಯಿಂದ ಬಂದನೆಂದು ಒಂದು ಐತಿಹ್ಯ, ಇನ್ನೊಬ್ಬನು ಭಾರತದಿಂದ ಎಂಟನೆಯ ಶತಮಾನದಲ್ಲಿ ಟಿಬೆಟ್ಟಿಗೆ ಹೋದವನು. ಇಬ್ಬರೂ ಬೆಟ್ಟಗಳ ಹಳೆಯ ಒಡೆಯರನ್ನು ಮಣಿಸಿದವರು. ಇಷ್ಟನ್ನು ನೋಡಿ, ಮಹದೇಶ್ವರನ ಮೂಲವನ್ನು ವಜ್ರಯಾನದಲ್ಲಿ ಹುಡುಕುವ ಉತ್ಸಾಹ ಯಾರಿಗಾದರೂ ಹುಟ್ಟೀತು. ಆ ಉತ್ಸಾಹಕ್ಕೆ ಆಧಾರ ಸಾಲದು. ಕನ್ನಡನಾಡಿನಲ್ಲಿ ಬೌದ್ಧಮತವಿದ್ದುದು ನಿಜ: ಮಸ್ಕಿ, ಬ್ರಹ್ಮಗಿರಿ, ಸಿದ್ದಾಪುರ, ಸನ್ನತಿಗಳ ಅಶೋಕಶಾಸನಗಳು, ೯೬೮ರ ಕದ್ರಿಯ ಲೋಕೇಶ್ವರ ವಿಗ್ರಹ, ೧೦೬೫ರ ಬಳ್ಳಿಗಾವೆಯ ವಿಹಾರ, ೧೦೯೫ರ ಡಂಬಳದ ತಾರಾಲಯ ಇವು ಸಾಕ್ಷಿ. ಆದರೆ ಇವು ಯಾವುವೂ ಕೊಳ್ಳೇಗಾಲದ ಕಾಡಿನವಲ್ಲ. ಮಹದೇಶ್ವರನ ಕಾಲವೆಂದು ಸಾಮಾನ್ಯವಾಗಿ ಹೇಳುವ ಹದಿನೈದನೆಯ ಶತಮಾನಕ್ಕೆ ಇವೆಲ್ಲ ಹಳೆಯ ಮಾತು. ಕಥೆಗಳ ಒಳಗನ್ನು ನೋಡಿದರಂತೂ ದಾರಿಗಳು ಬೇರೆಯಾಗುತ್ತವೆ. ಪದ್ಮಸಂಭವನು ಸ್ಥಳದ ದೇವತೆಗಳನ್ನು ಕೊಲ್ಲದೆ, ಆಣೆಯಿಂದ ಕಟ್ಟಿ ಧರ್ಮದ ಕಾವಲಿಗೆ ನಿಲ್ಲಿಸಿದನು. ಮಹದೇಶ್ವರನಾದರೋ ಶ್ರವಣದೊರೆಯನ್ನು ನಾಶಮಾಡಿದನು; ಸೋಲಿಗರ ಸಂಕಮ್ಮನಿಗೆ ಮಕ್ಕಳನ್ನು ಕೊಟ್ಟು ಕಾರಯ್ಯ ಬಿಲ್ಲಯ್ಯರನ್ನು ತನ್ನವರನ್ನಾಗಿ ಮಾಡಿಕೊಂಡನು. ಹುಲಿಯಿರುವ ಕಾಡಿನಲ್ಲಿ ಹುಲಿಯನ್ನೇರಿದವನೇ ದೊಡ್ಡವನು. ಇದನ್ನು ಹೇಳಿಕೊಡಲು ಹಿಮಾಲಯದಿಂದ ಯಾರೂ ಬರಬೇಕಾಗಿಲ್ಲ. ಹೋಲಿಕೆಯು ಸುಂದರವಾದುದು, ಸಂಬಂಧವೆಂದು ಹೇಳಿದೊಡನೆ ಅದು ಕೆಡುತ್ತದೆ.

ನಿಜವಾದ ಸಂಬಂಧವಿರುವುದು ಕಾಡಿನಲ್ಲಲ್ಲ, ಅಲಂಕಾರಶಾಸ್ತ್ರದಲ್ಲಿ. ಕನ್ನಡ ಸಾಹಿತ್ಯವನ್ನು ಪಾಠ ಹೇಳುವವರೆಲ್ಲರಿಗೂ ಪರಿಚಿತವಾದ ಮೊದಲ ಗ್ರಂಥ ಕವಿರಾಜಮಾರ್ಗ. ರಾಷ್ಟ್ರಕೂಟ ನೃಪತುಂಗನ (೮೧೪–೮೭೮) ಆಸ್ಥಾನದಲ್ಲಿ ಹುಟ್ಟಿದ ಈ ಗ್ರಂಥವು ಬಹುಭಾಗ ದಂಡಿಯ ಕಾವ್ಯಾದರ್ಶವನ್ನು ಅವಲಂಬಿಸಿದ್ದೆಂಬುದೂ ಪರಿಚಿತವೇ. ಅದೇ ದಂಡಿಯ ಅದೇ ಕಾವ್ಯಾದರ್ಶವು ಟಿಬೆಟ್ಟಿನ ಸಾಹಿತ್ಯಕ್ಕೂ ತಾಯಿಗ್ರಂಥ ಎಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ. ಶಾಕ್ಯ ಪಂಡಿತನು (೧೧೮೨–೧೨೫೧) ಅದರ ಭಾಗಗಳನ್ನು ತನ್ನ ಗ್ರಂಥದಲ್ಲಿ ಅಳವಡಿಸಿಕೊಂಡು ಪರಿಚಯ ಮಾಡಿಸಿದನು. ಅದೇ ಶತಮಾನದ ಉತ್ತರಾರ್ಧದಲ್ಲಿ ಶೋಂಗ್‌ತೋನ್ ದೋರ್ಜೆ ಗ್ಯಾಲ್‌ತ್ಸೆನ್ ಎಂಬ ಭಾಷಾಂತರಕಾರನು ಲಕ್ಷ್ಮೀಕರನೆಂಬ ಪಂಡಿತನೊಡನೆ ಕುಳಿತು ಅದನ್ನು ಸಮಗ್ರವಾಗಿ ಭೋಟಭಾಷೆಗೆ ತಂದನು. ಹರ್ಷನ ನಾಗಾನಂದ ನಾಟಕವನ್ನೂ ಕ್ಷೇಮೇಂದ್ರನ ಅವದಾನಕಲ್ಪಲತೆಯನ್ನೂ ಅನುವಾದಿಸಿದವನು ಈತನೇ. ಕೇಶಿರಾಜನು ಶಬ್ದಮಣಿದರ್ಪಣವನ್ನು ರಚಿಸಿದುದೂ ಹೆಚ್ಚುಕಡಿಮೆ ಅದೇ ಕಾಲ. ಕಾವ್ಯವೆಂಬುದಕ್ಕೆ ಟಿಬೆಟ್ಟಿನವರು ಆರಿಸಿಕೊಂಡ ಪದ 'ಞೆನ್‌ಙಗ್', ಕಿವಿಗೆ ಇನಿದಾದ ನುಡಿ. ಆದರ್ಶಕ್ಕೆ 'ಮೆಲೋಂಗ್', ಕನ್ನಡಿ.

ಒಂದೇ ಗ್ರಂಥವು ಎರಡು ಭಾಷೆಗಳಲ್ಲಿ ಹೇಗೆ ಬೇರೆಬೇರೆಯಾಗಿ ಬಾಳಿತೆಂಬುದನ್ನು ನೋಡುವುದು ಉಪಯುಕ್ತ. ಕವಿರಾಜಮಾರ್ಗಕಾರನು ದಂಡಿಯನ್ನು ಅನುವಾದಿಸಲಿಲ್ಲ, ನೆಲಕ್ಕೆ ಇಳಿಸಿದನು. ವೈದರ್ಭ, ಗೌಡ ಎಂಬ ಎರಡು ಮಾರ್ಗಗಳ ಸ್ಥಾನದಲ್ಲಿ ಕನ್ನಡದ ದಕ್ಷಿಣ, ಉತ್ತರ ಮಾರ್ಗಗಳನ್ನು ಹೇಳಿದನು. ಸಂಸ್ಕೃತದವನಾದ ದಂಡಿಗೆ ಅಗತ್ಯವಿಲ್ಲದಿದ್ದ ಪ್ರಾಸದ ವಿಚಾರವನ್ನು ಎತ್ತಿಕೊಂಡನು. ಚತ್ತಾಣ, ಬೆದಂಡೆಗಳೆಂಬ ದೇಸಿಯ ಕಾವ್ಯರೂಪಗಳನ್ನು ಹೆಸರಿಸಿದನು. ಧ್ವನಿಯನ್ನೂ ಅಲಂಕಾರಗಳ ಸಾಲಿಗೆ ಸೇರಿಸಿದನು. ದಂಡಿಯ ನೇರವಾದ ಭಾಷಾಂತರವು ಕನ್ನಡಕ್ಕೆ ಬಂದುದು ಬಹಳ ತಡವಾಗಿ, ಮಾಧವನ ಮಾಧವಾಲಂಕಾರದ ರೂಪದಲ್ಲಿ. ಟಿಬೆಟ್ಟಿನಲ್ಲಿ ನಡೆದುದು ಇದಕ್ಕೆ ವಿರುದ್ಧ. ಅಲ್ಲಿ ಮೊದಲು ಬಂದುದೇ ಭಾಷಾಂತರ. ಅದು ಪದಕ್ಕೆ ಪದ ನಿಷ್ಠವಾದುದು. ಅಂಥ ನಿಷ್ಠೆ ಸಾಧ್ಯವಾದುದಕ್ಕೆ ಕಾರಣವೂ ಹಳೆಯದು: ಸುಮಾರು ೮೧೪ರಲ್ಲಿಯೇ ಟಿಬೆಟ್ಟಿನ ರಾಜಾಜ್ಞೆಯು ಸಂಸ್ಕೃತದ ಪಾರಿಭಾಷಿಕ ಪದಗಳಿಗೆ ಭೋಟಪದಗಳನ್ನು ನಿಗದಿಮಾಡಿ, ಮಹಾವ್ಯುತ್ಪತ್ತಿಯೆಂಬ ಕೋಶದ ಮೂಲಕ ಭಾಷಾಂತರಕಾರರ ಕೈಗಳನ್ನು ಕಟ್ಟಿತ್ತು. ನೃಪತುಂಗನು ಪಟ್ಟವೇರಿದುದೂ ಅದೇ ವರ್ಷವೆಂಬುದು ಕಾಕತಾಳೀಯವೇ ಸರಿ. ಆದರೂ ನೆನಪಿಡಲು ಅನುಕೂಲ.

ಭೋಟಭಾಷೆಯ ಛಂದಸ್ಸಿನಲ್ಲಿ ಗುರುಲಘುಗಳ ವ್ಯವಸ್ಥೆಯಿಲ್ಲ. ಏಳು, ಒಂಬತ್ತು ಹೀಗೆ ಅಕ್ಷರಗಳ ಎಣಿಕೆಯೊಂದೇ ಉಂಟು. ಆದ್ದರಿಂದ ದಂಡಿಯ ಮೂರನೆಯ ಪರಿಚ್ಛೇದದ ಯಮಕ, ಚಿತ್ರಬಂಧಗಳು ಅಲ್ಲಿ ದೊಡ್ಡ ತೊಡಕಾದುವು. ಕವಿಗಳು ಹೆಚ್ಚಾಗಿ ಎರಡನೆಯ ಪರಿಚ್ಛೇದದ ಮೂವತ್ತೈದು ಅರ್ಥಾಲಂಕಾರಗಳಲ್ಲಿಯೇ ಕೈ ಪಳಗಿಸಿಕೊಂಡರು. ಒಂದೊಂದು ಅಲಂಕಾರಕ್ಕೂ ಅದರ ಒಳಭೇದಗಳಿಗೂ ತಾವೇ ಪದ್ಯ ಕಟ್ಟಿ ಉದಾಹರಣಮಾಲೆಗಳನ್ನು ಬರೆಯುವುದು ಅಲ್ಲಿ ಒಂದು ಸಾಹಿತ್ಯಪ್ರಕಾರವೇ ಆಯಿತು. ಐದನೆಯ ದಲಾಯಿ ಲಾಮಾ, ಎಂದರೆ ಪದ್ಮ ರಿಗ್ಜಿನನನ್ನು ಖಾಮಿಗೆ ಕಳುಹಿಸಿದವನೇ, ಕಾವ್ಯಾದರ್ಶಕ್ಕೆ ಟೀಕೆ ಬರೆದನು. ಪತ್ರುಲನ ಶಿಷ್ಯವರ್ಗದ ಮಿಫಾಮನೂ (೧೮೪೬–೧೯೧೨) ಬರೆದನು. ಮಠದ ವಿದ್ಯಾಕ್ರಮದಲ್ಲಿ ಶಬ್ದ, ಹೇತು, ಚಿಕಿತ್ಸೆ, ಶಿಲ್ಪ, ಅಧ್ಯಾತ್ಮ ಎಂದು ಮಹಾವಿದ್ಯೆಗಳು ಐದು. ಕಾವ್ಯ, ಛಂದಸ್ಸು, ಕೋಶ, ನಾಟಕ, ಜ್ಯೋತಿಷ ಎಂದು ಕಿರುವಿದ್ಯೆಗಳು ಐದು. ಕಿರಿಯದಾದರೂ ಕಾವ್ಯಕ್ಕೆ ಹೀಗೆ ಮಠದಲ್ಲಿ ಖಾಯಂ ಸ್ಥಾನವಿದ್ದಿತು. ಆದರೆ ಆನಂದವರ್ಧನನ ಧ್ವನ್ಯಾಲೋಕವು ಭೋಟಭಾಷೆಗೆ ಅನುವಾದವಾಗಲೇ ಇಲ್ಲ. ದಂಡಿಯೊಬ್ಬನೇ ಆರುನೂರು ವರ್ಷ ಆಳಿದನು. ಕನ್ನಡದಲ್ಲಿ ದಂಡಿಯು ಬೇಗ ಕರಗಿಹೋದನು, ಟಿಬೆಟ್ಟಿನಲ್ಲಿ ಗಟ್ಟಿಯಾಗಿ ಉಳಿದನು ಎನ್ನಬಹುದು. ಯಾವುದು ಕಾವ್ಯಕ್ಕೆ ಹಿತವೆಂದು ಕೇಳಿದರೆ ಕವಿರಾಜಮಾರ್ಗಕಾರನ ಸ್ವಾತಂತ್ರ್ಯವೇ ಹೆಚ್ಚಿನದೆಂದು ತೋರುತ್ತದೆ. ಯಾವುದು ಶಾಸ್ತ್ರದ ರಕ್ಷಣೆಗೆ ಹಿತವೆಂದು ಕೇಳಿದರೆ ಉತ್ತರ ಬೇರೆ.

ರಕ್ಷಣೆಯ ಮಾತಿಗೆ ಒಂದು ನಿದರ್ಶನವುಂಟು. ಕಾವ್ಯಾದರ್ಶದ ಅತ್ಯಂತ ಪ್ರಾಚೀನ ಸಂಸ್ಕೃತಟೀಕೆಗಳಲ್ಲಿ ಒಂದು ರತ್ನಶ್ರೀಜ್ಞಾನನದು. ಈತನು ಸಿಂಹಳದ ಬೌದ್ಧಭಿಕ್ಷು. ಹತ್ತನೆಯ ಶತಮಾನದಲ್ಲಿ ಪಾಲರ ರಾಜ್ಯದಲ್ಲಿ, ರಾಷ್ಟ್ರಕೂಟಾನ್ವಯದ ತುಂಗನೆಂಬ ಸಾಮಂತನ ಆಶ್ರಯದಲ್ಲಿ ಟೀಕೆಯನ್ನು ಬರೆದನು. ಭಾರತದಲ್ಲಿ ಆ ಟೀಕೆ ಕಣ್ಮರೆಯಾಯಿತು. ಅದರ ತಾಳೆಯೋಲೆಯ ಪ್ರತಿಯು ಟಿಬೆಟ್ಟಿನ ಮಠದಲ್ಲಿ ಉಳಿದಿತ್ತು. ೧೯೨೯ರಿಂದ ೧೯೩೮ರವರೆಗೆ ನಾಲ್ಕು ಸಲ ಹಿಮಾಲಯದ ಕಣಿವೆಗಳನ್ನು ದಾಟಿ ಮಠದಿಂದ ಮಠಕ್ಕೆ ತಿರುಗಿದ ರಾಹುಲ ಸಾಂಕೃತ್ಯಾಯನರು ಅಲ್ಲಿ ಕಂಡ ಸಂಸ್ಕೃತಗ್ರಂಥಗಳ ಛಾಯಾಚಿತ್ರಗಳನ್ನು ಪಾಟ್ನಾಕ್ಕೆ ತಂದರು. ಅವುಗಳ ಆಧಾರದಿಂದ ಈ ಟೀಕೆಯು ೧೯೫೭ರಲ್ಲಿ ದರಭಂಗಾದಿಂದ ಪ್ರಕಟವಾಯಿತು. ಮಾನ್ಯಖೇಟದ ರಾಷ್ಟ್ರಕೂಟರ ಆಸ್ಥಾನದಲ್ಲಿ ಕನ್ನಡವಾದ ದಂಡಿಗೆ, ಮತ್ತೊಬ್ಬ ರಾಷ್ಟ್ರಕೂಟನ ಆಶ್ರಯದಲ್ಲಿ ಹುಟ್ಟಿದ ಟೀಕೆಯನ್ನು ಕಾಪಾಡಿಕೊಟ್ಟವರು ಹಿಮದ ನಾಡಿನ ಭಿಕ್ಷುಗಳು. ಕವಿರಾಜಮಾರ್ಗದ ಕಠಿನಸ್ಥಳಗಳನ್ನು ಬಿಡಿಸುವವರು ಈ ಟೀಕೆಯನ್ನು ಕೈಯಲ್ಲಿಟ್ಟುಕೊಳ್ಳುವುದು ಅವಶ್ಯ. ದಂಡಿಯ ಕಾರಿಕೆಗಳನ್ನು ನೃಪತುಂಗನ ಕಾಲಕ್ಕೆ ಸಮೀಪದಲ್ಲಿದ್ದವರು ಹೇಗೆ ಓದುತ್ತಿದ್ದರೆಂಬುದಕ್ಕೆ ಅದೊಂದು ಹಳೆಯ ಸಾಕ್ಷಿ.

ಮೈಸೂರಿನ ವಿದ್ವತ್ತು ಈ ದಿಕ್ಕಿನಲ್ಲಿ ಹಿಂದೆ ಬಿದ್ದಿರಲಿಲ್ಲ. ಬೌದ್ಧ ಪ್ರಮಾಣಶಾಸ್ತ್ರದ ಮೂಲಪುರುಷನಾದ ದಿಙ್ನಾಗನ ಪ್ರಮಾಣಸಮುಚ್ಚಯದ ಸಂಸ್ಕೃತಮೂಲವು ನಷ್ಟವಾಗಿ, ಭೋಟಾನುವಾದ ಮಾತ್ರ ಉಳಿದಿದ್ದಿತು. ಎಚ್. ಆರ್. ರಂಗಸ್ವಾಮಿ ಅಯ್ಯಂಗಾರ್ಯರು ಆ ಅನುವಾದದಿಂದ ಪ್ರತ್ಯಕ್ಷಪರಿಚ್ಛೇದವನ್ನು ಸಂಸ್ಕೃತಕ್ಕೆ ಮರಳಿ ತಂದು ೧೯೩೦ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಿಂದ ಪ್ರಕಟಿಸಿದರು. ಅಂದು ಮೈಸೂರು ಸೀಮೆಯಲ್ಲಿ ಟಿಬೆಟ್ಟಿನವರ ವಸತಿ ಒಂದೂ ಇರಲಿಲ್ಲ. ೨೦೦೫ರಲ್ಲಿ ಜಿನೇಂದ್ರಬುದ್ಧಿಯ ಸಂಸ್ಕೃತಟೀಕೆಯು ಟಿಬೆಟ್ಟಿನಲ್ಲಿ ಉಳಿದಿದ್ದ ಪ್ರತಿಯಿಂದ ಪ್ರಕಟವಾದ ಮೇಲೆ ಅಂಥ ಪುನಾರಚನೆಗಳನ್ನು ತಿದ್ದಲು ಸಾಧನ ದೊರೆತಿದೆ. ತಿದ್ದುವುದಕ್ಕೆ ಏನಾದರೂ ಇರುವಂತೆ ಮಾಡಿದ ಕೀರ್ತಿಯಲ್ಲಿ ಅವರದೂ ಒಂದು ಪಾಲು.

ಅಂದು ಗ್ರಂಥದಿಂದ ಮಾತ್ರ ಕಲಿಯಬೇಕಾಗಿದ್ದ ಭಾಷೆಯು ಇಂದು ಕೊಳ್ಳೇಗಾಲದ ಸಂತೆಯಲ್ಲಿ ಕಿವಿಗೆ ಬೀಳುತ್ತದೆ. ಅದನ್ನಾಡುವವರು ಅಂಗಡಿಯವರೊಡನೆ ಕನ್ನಡದಲ್ಲಿಯೇ ಚೌಕಾಶಿ ಮಾಡುತ್ತಾರೆ. ಹೀಗಿದ್ದರೂ ಕನ್ನಡ ವಿದ್ವಾಂಸರು ಈ ಮಠಗಳನ್ನು ನೋಡತಕ್ಕ ಸ್ಥಳಗಳೆಂದು ಎಣಿಸಿದಷ್ಟು ಓದತಕ್ಕ ಸ್ಥಳಗಳೆಂದು ಎಣಿಸಿದಂತೆ ತೋರುವುದಿಲ್ಲ. ಕಾಲವೂ ಕಾಯುವಂತಿಲ್ಲ. ೧೯೫೯ಕ್ಕೆ ಮುಂಚೆ ರುದಾಮಿನಲ್ಲಿ ಗುರುವಿನ ಮುಂದೆ ಕುಳಿತು ಲುಙ್ ಕೇಳಿದವನು ಅಂದು ಹದಿನೈದರ ಬಾಲಕನಾಗಿದ್ದರೂ ಈಗ ಎಂಬತ್ತನ್ನು ದಾಟಿರಬೇಕು. ವಸತಿಗಳ ಎಳೆಯರು ವಿದ್ಯೆಗೆಂದು ಪಟ್ಟಣಗಳಿಗೂ, ಅಲ್ಲಿಂದ ಅಮೆರಿಕ, ಕೆನಡಾ, ಯೂರೋಪುಗಳಿಗೂ ಹೊರಟುಹೋಗುತ್ತಿದ್ದಾರೆ. ಕಣಿವೆಯಿಂದ ಒಮ್ಮೆ ಹೊರಬಿದ್ದ ಸರಪಳಿಯು ಇಲ್ಲಿಂದಲೂ ಹೊರಡುವುದರಲ್ಲಿದೆ.

ಮೊದಲ ಕೆಲಸವಾಗಿ ದೊಡ್ಡ ಯೋಜನೆಯೇನೂ ಬೇಕಾಗಿಲ್ಲ. ಕಾವ್ಯಾದರ್ಶದ ಎರಡನೆಯ ಪರಿಚ್ಛೇದದಲ್ಲಿ ಉಪಮೆಯ ಭಾಗವೊಂದನ್ನೇ ತೆಗೆದುಕೊಂಡು, ದಂಡಿಯ ಶ್ಲೋಕ, ಶೋಂಗ್‌ತೋನನ ಭೋಟಪದ್ಯ, ಕವಿರಾಜಮಾರ್ಗದ ಕಂದ, ಮಾಧವನ ಅನುವಾದ ಇವು ನಾಲ್ಕನ್ನೂ ಒಂದೇ ಪುಟದಲ್ಲಿ ಎದುರುಬದುರಾಗಿ ಬರೆದಿಟ್ಟುಕೊಂಡು, ಮಠದ ಉಪಾಧ್ಯಾಯರೊಬ್ಬರ ಮುಂದೆ ಕುಳಿತರೆ ಸಾಕು. ದಂಡಿಯ ಒಂದೊಂದು ಉಪಮಾಭೇದಕ್ಕೆ ಟಿಬೆಟ್ಟಿನವರು ಏನು ಹೆಸರಿಟ್ಟರು, ಕನ್ನಡದವನು ಏನನ್ನು ಬಿಟ್ಟನು, ಬಿಟ್ಟದ್ದು ತಿಳಿಯದೆಯೋ ಬೇಡವೆಂದೋ ಎಂಬುದು ಆಗ ಗೊತ್ತಾದೀತು. ಧೋಂಡೆನ್‌ಲಿಂಗಿನಲ್ಲಿ ತಂಗುವುದಕ್ಕೆ ವಿದೇಶೀಯರು ಸರ್ಕಾರದಿಂದ ಅನುಮತಿಪತ್ರ ಪಡೆದಿರಬೇಕು. ಮೈಸೂರಿನಿಂದಲೋ ಕೊಳ್ಳೇಗಾಲದಿಂದಲೋ ಹೋಗುವವರಿಗೆ ಅದು ಬೇಕಿಲ್ಲ.